ಬಪ್ಪನಾಡಿನ ಜಾತ್ರೆ ಮತ್ತು ಬ್ಯಾರಿ ವರ್ತಕನ ಪಾಲು

ಕರ್ನಾಟಕದ ಕರಾವಳಿಯ ಮುಸ್ಲಿಮರ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಒಂದು ಪುರಾತನ ಮಸೀದಿಯಿಂದಲೋ ಒಂದು ಬಂದರಿನಿಂದಲೋ ಆರಂಭಿಸುತ್ತಾರೆ. ನಾವು ಇಲ್ಲಿ ಒಂದು ದೇವಸ್ಥಾನದ ಜಾತ್ರೆಯಿಂದ ಆರಂಭಿಸಬೇಕಾಗಿದೆ. ಮದ್ರಸದಲ್ಲಿ ಪಾಠ ಹೇಳುವವರಿಗೆ ಈ ವಿಷಯ ಏಕೆ ಎಂದು ಕೆಲವು ಓದುಗರು ಕೇಳಬಹುದು. ದಕ್ಷಿಣ ಕನ್ನಡ ಜಿಲ್ಲೆಯ ಮೂಲ್ಕಿ ಎಂಬ ಕಡಲತಡಿಯ ಪಟ್ಟಣದಲ್ಲಿ ಪ್ರತಿವರ್ಷ ನಡೆಯುವ ಬಪ್ಪನಾಡು ಜಾತ್ರೆಯ ಹೆಸರಿನಲ್ಲಿಯೇ ಒಬ್ಬ ಮುಸ್ಲಿಂ ವರ್ತಕನ ಹೆಸರು ಅಡಗಿದೆ. ಅದೇ ಜಾತ್ರೆಯಲ್ಲಿ ಮುಸ್ಲಿಂ ವರ್ತಕರಿಗೆ ಸ್ಥಳವಿಲ್ಲವೆಂದು 2022ರಲ್ಲಿ ಫಲಕಗಳು ಎದ್ದುನಿಂತವು. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಏಳುವ ಪ್ರಶ್ನೆಯು ಮೂಲ್ಕಿಯವರಿಗೆ ಮಾತ್ರ ಸೇರಿದ್ದಲ್ಲ.

ನಾವಿರುವುದು ಸಮುದ್ರದಿಂದ ಬಹಳ ದೂರದಲ್ಲಿ. ನಂದಿಬೆಟ್ಟದ ಸುತ್ತಲಿನ ನಮ್ಮ ಜಿಲ್ಲೆಯವರಿಗೆ ನೀರೆಂದರೆ ಕೆರೆಯ ನೀರು ಮತ್ತು ಕೊಳವೆಬಾವಿಯ ನೀರು. ನಮ್ಮ ಮನೆಮಾತು ದಖನಿ, ಕರಾವಳಿಯ ಸಹೋದರರದ್ದು ಬ್ಯಾರಿ ಭಾಷೆ. ನಮ್ಮಲ್ಲಿ ಹನಫೀ ಪದ್ಧತಿ, ಅವರಲ್ಲಿ ಶಾಫಿಈ ಪದ್ಧತಿ. ಆದರೂ ಜಾತ್ರೆಯ ಪ್ರಶ್ನೆ ನಮ್ಮ ಬಾಗಿಲಿಗೂ ಬಂದಿದೆ. ನಮ್ಮಲ್ಲಿ ಓದುವ ಮಕ್ಕಳ ತಂದೆಯರಲ್ಲಿ ಬಳೆ, ಆಟಿಕೆ, ಪ್ಲಾಸ್ಟಿಕ್ ಸಾಮಾನು, ಸಿಹಿತಿಂಡಿ ಹೊತ್ತು ಶಿವರಾತ್ರಿಗೆ ನಂದಿಯ ಭೋಗನಂದೀಶ್ವರನ ಜಾತ್ರೆಗೂ, ಉಳಿದ ದಿನಗಳಲ್ಲಿ ಚಿಂತಾಮಣಿ, ಗೌರಿಬಿದನೂರು ಕಡೆಯ ಹಳ್ಳಿಗಳ ಜಾತ್ರೆಗಳಿಗೂ ಹೋಗುವವರಿದ್ದಾರೆ. ಅವರಿಗೆ ಎರಡು ಕಡೆಯಿಂದ ಮಾತು ಬರುತ್ತದೆ. ಅವರಿಗೆ ಅಲ್ಲಿ ಜಾಗ ಕೊಡಬಾರದೆಂದು ಒಂದು ಕಡೆಯವರು ಹೇಳುತ್ತಾರೆ. ದೇವಸ್ಥಾನದ ಜಾತ್ರೆಯಲ್ಲಿ ಅಂಗಡಿ ಹಾಕುವುದು ದೀನ್‌ಗೆ ಒಪ್ಪದ ಕೆಲಸ, ಬಿಟ್ಟರೇ ಒಳ್ಳೆಯದು ಎಂದು ನಮ್ಮವರಲ್ಲಿಯೇ ಕೆಲವರು ಹೇಳುತ್ತಾರೆ. ಇಬ್ಬರೂ ಬೇರೆ ಬೇರೆ ಕಾರಣಗಳಿಂದ ಹೇಳುವುದು ಒಂದೇ ಮಾತನ್ನು, ಹೋಗಬೇಡ ಎಂದು. ನಡುವೆ ಸಿಕ್ಕಿಕೊಂಡವನು ದಿನಕ್ಕೆ ನಾಲ್ಕು ಕಾಸು ದುಡಿದು ಮನೆಗೆ ಅಕ್ಕಿ ತರಬೇಕಾದವನು. ಅವನಿಗಾಗಿ ಈ ಇತಿಹಾಸವನ್ನು ಸ್ವಲ್ಪ ವಿವರವಾಗಿ ನೋಡೋಣ.

ಮೂಲ್ಕಿಯು ಮಂಗಳೂರಿಗೂ ಉಡುಪಿಗೂ ನಡುವೆ, ರಾಷ್ಟ್ರೀಯ ಹೆದ್ದಾರಿ 66ರ ಮೇಲಿದೆ. ಶಾಂಭವಿ ಮತ್ತು ನಂದಿನಿ ನದಿಗಳು ಇದರ ಸಮೀಪದಲ್ಲಿಯೇ ಅರಬ್ಬೀ ಸಮುದ್ರವನ್ನು ಸೇರುತ್ತವೆ. ನದಿಯ ಅಳಿವೆ ಇದ್ದಲ್ಲಿ ಹಿಂದಿನ ಕಾಲದ ಹಾಯಿಹಡಗುಗಳಿಗೆ ತಂಗುದಾಣ ದೊರೆಯುತ್ತಿತ್ತು. ತಂಗುದಾಣವಿದ್ದಲ್ಲಿ ಪೇಟೆಯೂ, ಪೇಟೆಯಿದ್ದಲ್ಲಿ ಪರವೂರಿನ ವರ್ತಕನೂ ಇರುತ್ತಿದ್ದರು. ಈ ಸೀಮೆಯನ್ನು ಜೈನ ಮತದ ಸಾವಂತ ಅರಸರು ಆಳುತ್ತಿದ್ದರು. ಪಡುಪಣಂಬೂರಿನಲ್ಲಿ ಅವರ ಅರಮನೆ ಇಂದಿಗೂ ಇದೆ. ಪಟ್ಟಣದಲ್ಲಿರುವ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನದ ವಾರ್ಷಿಕ ಜಾತ್ರೆಯು ಮಾರ್ಚ್–ಏಪ್ರಿಲ್ ತಿಂಗಳಿನಲ್ಲಿ, ತುಳುನಾಡಿನ ಸೌರಮಾನ ಲೆಕ್ಕದ ಮೀನ ಮಾಸದಲ್ಲಿ ನಡೆಯುತ್ತದೆ. ಧ್ವಜಾರೋಹಣದಿಂದ ಆರಂಭವಾಗಿ ರಥೋತ್ಸವದವರೆಗೆ ಹಲವು ದಿನಗಳ ಆಚರಣೆ ಅದು. ಬಪ್ಪನಾಡಿನ ದೊಡ್ಡ ಡೋಲು ಆ ಸೀಮೆಯಲ್ಲೆಲ್ಲ ಪ್ರಸಿದ್ಧ. ಶಯನೋತ್ಸವದ ದಿನ ಭಕ್ತರು ಅರ್ಪಿಸುವ ಮಲ್ಲಿಗೆಯ ರಾಶಿಯೂ ಅಷ್ಟೇ ಪ್ರಸಿದ್ಧ.

ಈ ಮಲ್ಲಿಗೆಯ ಬಗ್ಗೆ ಒಂದು ಮಾತು ಹೇಳಿ ಮುಂದುವರಿಯಬೇಕು. ಉಡುಪಿ ಮಲ್ಲಿಗೆಯೆಂದು ಹೆಸರಾದ ಹೂವಿನ ಮುಖ್ಯ ನೆಲೆ ಕಾಪುವಿನ ಹತ್ತಿರದ ಶಂಕರಪುರ. ಅಲ್ಲಿ ಮನೆಯಂಗಳದಲ್ಲಿ ಮಲ್ಲಿಗೆ ಬೆಳೆಯುವ ಕುಟುಂಬಗಳಲ್ಲಿ ಕ್ರೈಸ್ತರು ಬಹಳ. ಮೊಗ್ಗು ಕೊಯ್ದು, ಕಟ್ಟಿ, ಚೆಂಡು ಮತ್ತು ಅಟ್ಟೆಗಳ ಲೆಕ್ಕದಲ್ಲಿ ಮಾರುತ್ತಾರೆ. ಕರಾವಳಿಯ ಜಾತ್ರೆಗಳಿಗೂ ಮದುವೆಗಳಿಗೂ ಈ ಹೂವೇ ಹೋಗುತ್ತದೆ. ಹೂವು ಯಾರ ಅಂಗಳದ್ದೆಂದು ಕೇಳಿ ಅರ್ಪಿಸುವ ಪದ್ಧತಿ ಅಲ್ಲಿ ಬೆಳೆದಿಲ್ಲ. ಜಾತ್ರೆ ಎಂಬುದು ಇಂತಹ ಹಲವು ಕೈಗಳಿಂದ ನಡೆಯುವ ಕೆಲಸ.

ಇನ್ನು ಐತಿಹ್ಯಕ್ಕೆ ಬರೋಣ. ಕೇರಳದ ಕಡೆಯಿಂದ ಸರಕು ತುಂಬಿಕೊಂಡು ಬಂದ ಬಪ್ಪ ಬ್ಯಾರಿ ಎಂಬ ಮುಸ್ಲಿಂ ವರ್ತಕನ ದೋಣಿ ಶಾಂಭವಿ ನದಿಯಲ್ಲಿ ಏನನ್ನೋ ತಾಗಿ ನಿಂತಿತು, ನೀರಿನಲ್ಲಿ ರಕ್ತ ಕಾಣಿಸಿತು, ಅವನಿಗೆ ಕನಸಿನಲ್ಲಿ ದೇವಿ ಕಾಣಿಸಿಕೊಂಡು ತನಗೊಂದು ಗುಡಿ ಕಟ್ಟಿಸುವಂತೆ ಹೇಳಿದಳು, ಅವನು ಸಾವಂತ ಅರಸನ ನೆರವು ಪಡೆದು ಗುಡಿ ಕಟ್ಟಿಸಿದನು ಎಂದು ಅಲ್ಲಿನ ಜನ ಹೇಳುತ್ತಾರೆ. ಬಪ್ಪನ ನಾಡು ಬಪ್ಪನಾಡಾಯಿತು. ಜಾತ್ರೆಯ ವೇಳೆ ಬಪ್ಪ ಬ್ಯಾರಿಯ ಮನೆತನಕ್ಕೆ ಮೊದಲ ಪ್ರಸಾದ ಸಲ್ಲುವ ಮರ್ಯಾದೆ ಉಳಿದುಬಂದಿದೆ. ಯಕ್ಷಗಾನದವರು ಇದನ್ನು ‘ಬಪ್ಪನಾಡು ಕ್ಷೇತ್ರ ಮಹಾತ್ಮೆ’ ಎಂಬ ಪ್ರಸಂಗವನ್ನಾಗಿ ಆಡುತ್ತಾರೆ. ಆ ಪ್ರಸಂಗದಲ್ಲಿ ಬಪ್ಪ ಬ್ಯಾರಿಯ ವೇಷವಿಲ್ಲದೆ ಕಥೆ ಮುಂದೆ ಸಾಗದು. ರಾತ್ರಿಯಿಡೀ ಕುಳಿತು ನೋಡುವ ಸಾವಿರಾರು ಜನರಿಗೆ ಆ ವರ್ತಕನು ಪರಕೀಯನಲ್ಲ, ಕಥೆಯ ನಾಯಕ.

ಇಲ್ಲಿ ನಾವು ಒಂದು ವಿಷಯವನ್ನು ಮರೆಮಾಚದೆ ಹೇಳಬೇಕು. ಈ ಐತಿಹ್ಯವು ನಮ್ಮಂತಹವರಿಗೆ ಅಷ್ಟು ಸುಲಭದ ಕಥೆಯಲ್ಲ. ತೌಹೀದ್ ನಮ್ಮ ವಿಶ್ವಾಸದ ಬುನಾದಿ. ಒಬ್ಬ ಮುಸ್ಲಿಮನು ಗುಡಿ ಕಟ್ಟಿಸಿದನೆಂಬ ಕಥೆಯನ್ನು ಹೆಮ್ಮೆಯಿಂದ ಎತ್ತಿ ಹೇಳುವಾಗ ಸಭೆಗಳಲ್ಲಿ ಚಪ್ಪಾಳೆ ಬೀಳುತ್ತದೆ. ಚಪ್ಪಾಳೆಯ ನಂತರ ಮನೆಗೆ ಬಂದ ಹುಡುಗನು, ಉಸ್ತಾದರೇ, ಅದು ಸರಿಯೇ ಎಂದು ಕೇಳಿದರೆ ನಮ್ಮಲ್ಲಿ ಉತ್ತರವಿರಬೇಕು. ಸೌಹಾರ್ದದ ಹೆಸರಿನಲ್ಲಿ ವಿಶ್ವಾಸದ ಪ್ರಶ್ನೆಯನ್ನು ಮಸುಕಾಗಿಸುವುದು ಪ್ರಾಮಾಣಿಕವಲ್ಲ. ಹಾಗೆ ಮಸುಕಾಗಿಸಿದ ಸೌಹಾರ್ದವನ್ನು ಎದುರಿನವರೂ ನಂಬುವುದಿಲ್ಲ. ಬಪ್ಪನು ಕನಸಿನಲ್ಲಿ ಕಂಡದ್ದೇನು, ಅವನ ಅಂತರಂಗದಲ್ಲಿದ್ದ ವಿಶ್ವಾಸವೇನು ಎಂಬುದು ಅವನಿಗೂ ಅವನ ಪ್ರಭುವಿಗೂ ಸಂಬಂಧಿಸಿದ ವಿಚಾರ. ಐತಿಹ್ಯವು ಶಾಸನವಲ್ಲ, ಅದರ ಮೇಲೆ ತೀರ್ಪು ಬರೆಯಲಾಗದು.

ಆದರೆ ಐತಿಹ್ಯವು ಇತಿಹಾಸಕಾರನಿಗೆ ಬೇರೊಂದು ರೀತಿಯ ಸಾಕ್ಷ್ಯವನ್ನು ಕೊಡುತ್ತದೆ. ಕಥೆಯಲ್ಲಿ ನಡೆದದ್ದು ನಡೆಯಿತೇ ಇಲ್ಲವೇ ಎಂಬುದಕ್ಕಿಂತ, ಊರಿನ ಜನ ತಮ್ಮ ಊರದೇವಿಯ ಕಥೆಯನ್ನು ಹೇಳುವಾಗ ಯಾರನ್ನು ಅದರೊಳಗೆ ಕರೆದುಕೊಂಡರು ಎಂಬುದು ಮುಖ್ಯ. ಮೂಲ್ಕಿಯ ಹಿಂದೂ ಜನ ತಲೆಮಾರುಗಳಿಂದ ಈ ಕಥೆಯನ್ನು ತಾವೇ ಹೇಳುತ್ತ ಬಂದಿದ್ದಾರೆ. ಇದು ಮುಸ್ಲಿಮರು ತಮಗಾಗಿ ಕಟ್ಟಿಕೊಂಡ ಕಥೆಯಲ್ಲ. ದೋಣಿ, ಸರಕು, ಪರವೂರಿನ ಬ್ಯಾರಿ, ಜೈನ ಅರಸ, ಊರದೇವಿ ಎಂಬ ಇಷ್ಟೂ ಅಂಶಗಳು ಒಂದೇ ಕಥೆಯಲ್ಲಿ ಬಂದಿರುವುದು ಆ ಕಾಲದ ಸಮಾಜ ಹೇಗಿತ್ತೆಂಬುದರ ಚಿತ್ರ. ತುಳುನಾಡಿನಲ್ಲಿ ಇಂತಹ ಕಥೆ ಇದೊಂದೇ ಅಲ್ಲ. ಮೀನುಗಾರರು ಕಡಲಿನ ರಕ್ಷಕನೆಂದು ನಂಬುವ ಬೊಬ್ಬರ್ಯ ಎಂಬ ದೈವದ ಹುಟ್ಟಿನ ಕಥೆಯೂ ಒಬ್ಬ ಮುಸ್ಲಿಂ ವರ್ತಕನ ಮನೆತನಕ್ಕೆ ಹೋಗಿ ಸೇರುತ್ತದೆ. ದೈವಾರಾಧನೆಯನ್ನು ನಾವು ಒಪ್ಪುವವರಲ್ಲ. ಆದರೆ ಸಮುದ್ರಕ್ಕೆ ಇಳಿಯುವ ಬಡ ಮೀನುಗಾರನು ತನ್ನ ಭಯದ ಗಳಿಗೆಯಲ್ಲಿ ನೆನೆಯುವ ಕಥೆಯಲ್ಲಿ ಬ್ಯಾರಿಯೊಬ್ಬನಿದ್ದಾನೆ ಎಂಬುದನ್ನು ಗಮನಿಸದೆ ಇರಲಾಗದು.

ಬ್ಯಾರಿ ಎಂಬ ಹೆಸರೇ ವ್ಯಾಪಾರದ್ದು. ತುಳುವಿನಲ್ಲಿ ‘ಬ್ಯಾರ’ ಎಂದರೆ ವ್ಯಾಪಾರ, ಅದರಿಂದ ಬ್ಯಾರಿ ಬಂದಿದೆ ಎಂಬುದು ಹೆಚ್ಚು ಪ್ರಚಲಿತವಾದ ಅಭಿಪ್ರಾಯ. ಅರಬಿಯಲ್ಲಿ ಸಮುದ್ರಕ್ಕಿರುವ ‘ಬಹ್ರ್’ ಎಂಬ ಪದದಿಂದ ಬಂದಿದೆ ಎನ್ನುವವರೂ ಇದ್ದಾರೆ. ಯಾವುದನ್ನು ಒಪ್ಪಿದರೂ ಕಡಲು ಮತ್ತು ಅಂಗಡಿಯ ಸಂಬಂಧ ತಪ್ಪುವುದಿಲ್ಲ.

ಕಥೆಯನ್ನು ಬಿಟ್ಟು ದಾಖಲೆಗೆ ಬಂದರೆ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. ಮೊರಾಕ್ಕೊದ ಪ್ರವಾಸಿ ಇಬ್ನು ಬತೂತ 1342ರ ಸುಮಾರಿಗೆ ದಿಲ್ಲಿಯನ್ನು ಬಿಟ್ಟು ಈ ಕರಾವಳಿಯ ಮಾರ್ಗವಾಗಿ ದಕ್ಷಿಣಕ್ಕೆ ಸಾಗಿದನು. ಅವನು ‘ಫಾಕನೂರ್’ ಎಂದು ಕರೆದದ್ದು ಇಂದಿನ ಬಾರಕೂರು, ‘ಮಂಜರೂರ್’ ಎಂದದ್ದು ಮಂಗಳೂರು. ಮೂಲ್ಕಿಯು ಈ ಎರಡರ ನಡುವಿನ ಸೀಮೆ. ಫಾಕನೂರಿನಲ್ಲಿ ಮುಸ್ಲಿಮರಿಗೊಬ್ಬ ಮುಖಂಡ, ಒಬ್ಬ ಖಾಝಿ, ಒಂದು ಜುಮಾ ಮಸೀದಿ ಇದ್ದವೆಂದೂ, ಮಂಜರೂರಿನಲ್ಲಿ ಸುಮಾರು 4000 ಮುಸ್ಲಿಮರು ಪಟ್ಟಣದ ಹೊರವಲಯದಲ್ಲಿ ವಾಸವಾಗಿದ್ದರೆಂದೂ, ಫಾರ್ಸ್ ಮತ್ತು ಯಮನ್‌ಗಳಿಂದ ವರ್ತಕರು ಅಲ್ಲಿಗೆ ಬರುತ್ತಿದ್ದರೆಂದೂ, ಕಾಳುಮೆಣಸು ಮತ್ತು ಶುಂಠಿ ಅಲ್ಲಿ ಹೇರಳವೆಂದೂ ಅವನು ಬರೆದಿದ್ದಾನೆ. ಅಲ್ಲಿನ ಖಾಝಿ ಶಾಫಿಈ ಪಂಥದ ವಿದ್ವಾಂಸನಾಗಿದ್ದನು. ಇಂದಿಗೂ ಬ್ಯಾರಿಗಳ ನಮಾಝಿನ ಪದ್ಧತಿ ಅದೇ ಎಂಬುದನ್ನು ನೆನೆದಾಗ ಕಡಲ ದಾರಿಯು ಸರಕಿನ ಜೊತೆಗೆ ವಿದ್ಯೆಯನ್ನೂ ತಂದಿತೆಂಬುದು ತಿಳಿಯುತ್ತದೆ.

ಇಬ್ನು ಬತೂತನ ಬರಹವನ್ನು ಸೌಹಾರ್ದದ ಹೊಗಳಿಕೆಯೆಂದು ಓದುವವರು ಅದರ ಅರ್ಧವನ್ನು ಮಾತ್ರ ಓದುತ್ತಾರೆ. ಮಂಜರೂರಿನಲ್ಲಿ ಮುಸ್ಲಿಮರಿಗೂ ಊರಿನವರಿಗೂ ಆಗಾಗ ಜಗಳ ಏಳುತ್ತಿತ್ತು, ಅರಸನು ತನಗೆ ವರ್ತಕರ ಅಗತ್ಯವಿದ್ದುದರಿಂದ ಸಂಧಿ ಮಾಡಿಸುತ್ತಿದ್ದನು ಎಂದೂ ಅವನು ಹೇಳುತ್ತಾನೆ. ಫಾಕನೂರಿನ ಅರಸನ ನೌಕಾಪಡೆಯ ಮುಖ್ಯಸ್ಥನು ಲೂಲಾ ಎಂಬ ಮುಸ್ಲಿಮನಾಗಿದ್ದನೆಂದೂ, ಅವನು ವರ್ತಕರನ್ನು ದೋಚುವ ಕಡಲ್ಗಳ್ಳನೆಂದೂ ಅವನು ನಿಷ್ಠುರವಾಗಿ ದಾಖಲಿಸಿದ್ದಾನೆ. ಅಂದರೆ ಮುಸ್ಲಿಮೇತರ ಅರಸನ ಕೈಕೆಳಗಿನ ಮುಸ್ಲಿಂ ಅಧಿಕಾರಿಯು ಮುಸ್ಲಿಂ ವರ್ತಕರನ್ನೇ ದೋಚುತ್ತಿದ್ದನು, ಮುಸ್ಲಿಮೇತರ ಅರಸರು ಆ ವರ್ತಕರ ವ್ಯಾಪಾರವನ್ನು ಬಯಸಿ ಅವರನ್ನು ಉಳಿಸಿಕೊಳ್ಳುತ್ತಿದ್ದರು. ಆ ಕಾಲದ ಕರಾವಳಿ ಸ್ವರ್ಗವೂ ಅಲ್ಲ, ನಿತ್ಯ ಯುದ್ಧಭೂಮಿಯೂ ಅಲ್ಲ. ಜಗಳವಾದರೂ ಪೇಟೆ ಮುಚ್ಚಬಾರದೆಂಬ ವಿವೇಕ ಅಲ್ಲಿನ ಅರಸರಿಗಿತ್ತು. ನಮಗೆ ಇದು ಬಪ್ಪನ ಐತಿಹ್ಯಕ್ಕಿಂತಲೂ ಹೆಚ್ಚಿನ ಪಾಠವೆಂದು ತೋರುತ್ತದೆ.

ಸುಮಾರು 100 ವರ್ಷಗಳ ನಂತರ, 1443ರಲ್ಲಿ, ಹೆರಾತಿನ ಸುಲ್ತಾನ ಶಾರುಖ್‌ನ ರಾಯಭಾರಿ ಅಬ್ದುರ್ರಝಾಕ್ ಮಂಗಳೂರಿನ ಮಾರ್ಗವಾಗಿ ವಿಜಯನಗರಕ್ಕೆ ಹೋದನು. ಮಂಗಳೂರಿನ ಸಮೀಪ ತಾನು ಕಂಡ, ಎರಕದ ಹಿತ್ತಾಳೆಯಿಂದ ಮಾಡಿದ ಒಂದು ದೇವಾಲಯದ ಬಗ್ಗೆ ಅವನು ಬೆರಗಿನಿಂದ ಬರೆದಿದ್ದಾನೆ. ಅವನು ಖಾಝಿಯ ಮಗ, ತನ್ನ ಧರ್ಮದಲ್ಲಿ ಗಟ್ಟಿಯಾಗಿದ್ದವನು. ಕುಶಲಿಗಳ ಕೈಚಳಕವನ್ನು ಮೆಚ್ಚುವುದಕ್ಕೆ ಅವನಿಗೆ ಅದು ಅಡ್ಡಿಯಾಗಲಿಲ್ಲ.

ಕರಾವಳಿಯಲ್ಲಿ ಜಾತ್ರೆ ಮತ್ತು ವ್ಯಾಪಾರ ಹೇಗೆ ಹೆಣೆದುಕೊಂಡಿವೆ ಎಂಬುದಕ್ಕೆ ಅಲ್ಲಿನ ಮಳೆಯೇ ಕಾರಣ. ಜೂನ್‌ನಿಂದ ಸುರಿಯುವ ಮುಂಗಾರಿನಲ್ಲಿ ಕಡಲು ಮುಚ್ಚುತ್ತದೆ, ದೋಣಿಗಳು ದಡ ಸೇರುತ್ತವೆ, ಬಯಲಿನಲ್ಲಿ ಯಾವ ಆಟವೂ ಕೂಟವೂ ಸಾಧ್ಯವಿಲ್ಲ. ದೀಪಾವಳಿಯ ಆಸುಪಾಸಿನಲ್ಲಿ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ, ಕೋಲ–ನೇಮಗಳೂ ಜಾತ್ರೆಗಳೂ ಶುರುವಾಗುತ್ತವೆ. ಮೇ ತಿಂಗಳ ಕೊನೆಯ ವಾರದ ಪತ್ತನಾಜೆಯ ದಿನ ಎಲ್ಲವೂ ನಿಲ್ಲುತ್ತದೆ. ಗೆಜ್ಜೆ ಬಿಚ್ಚುವ ದಿನ ಎಂದು ಅದಕ್ಕೆ ಹೆಸರು. ಈ ಆರೇಳು ತಿಂಗಳಲ್ಲಿ ಒಂದು ಊರಿನ ಜಾತ್ರೆ ಮುಗಿದಂತೆ ಇನ್ನೊಂದು ಊರಿನದು. ಜಾತ್ರೆಯ ಅಂಗಡಿಯವನಿಗೆ ಸ್ಥಿರವಾದ ಅಂಗಡಿಯಿಲ್ಲ, ಈ ಸರಣಿಯೇ ಅವನ ಅಂಗಡಿ. ಬಳೆ, ಆಟಿಕೆ, ಚುರುಮುರಿ, ಕಬ್ಬಿನ ಹಾಲು, ಕಲ್ಲಂಗಡಿ, ಮಿಠಾಯಿ ಮಾರುತ್ತ ಅವನು ಊರಿಂದೂರಿಗೆ ಸಾಗುತ್ತಾನೆ. ಮಳೆಗಾಲದ ಮೂರ್ನಾಲ್ಕು ತಿಂಗಳ ಹೊಟ್ಟೆಪಾಡನ್ನೂ ಅದರಲ್ಲಿಯೇ ಉಳಿಸಬೇಕು. ಸರಣಿಯಿಂದ ಒಂದು ಜಾತ್ರೆ ತಪ್ಪಿದರೆ ಅವನು ಕಳೆದುಕೊಳ್ಳುವುದು ಆ ವಾರದ ವ್ಯಾಪಾರವನ್ನಷ್ಟೇ ಅಲ್ಲ. ಮುಂದಿನ ಊರಿಗೆ ಸರಕು ಕೊಳ್ಳುವ ಬಂಡವಾಳವೂ ಅದರೊಂದಿಗೆ ಹೋಗುತ್ತದೆ.

ಈ ಸರಣಿಯನ್ನು ಓದುವಾಗ ಹದೀಸ್ ಗ್ರಂಥಗಳನ್ನು ಬಲ್ಲವರಿಗೆ ಅರಬ್ ನಾಡಿನ ಇನ್ನೊಂದು ಸರಣಿ ನೆನಪಾಗದೆ ಇರದು. ಇಸ್ಲಾಮಿಗೆ ಮುಂಚಿನ ಕಾಲದಲ್ಲಿ ಮಕ್ಕಾದ ಸುತ್ತ ವರ್ಷಕ್ಕೊಮ್ಮೆ ಮೂರು ದೊಡ್ಡ ಜಾತ್ರೆಗಳು ಒಂದರ ಹಿಂದೊಂದರಂತೆ ನಡೆಯುತ್ತಿದ್ದವು. ದುಲ್‌ಖಅದ್ ತಿಂಗಳಲ್ಲಿ ತಾಯಿಫ್ ಸಮೀಪದ ಉಕಾಝ್, ಅದೇ ತಿಂಗಳ ಕೊನೆಗೆ ಮಜನ್ನ, ದುಲ್‌ಹಜ್ಜ್ ತಿಂಗಳ ಮೊದಲ ದಿನಗಳಲ್ಲಿ ಝುಲ್ ಮಜಾಝ್. ಅಲ್ಲಿಂದ ಜನ ಹಜ್ಜಿಗೆ ಹೋಗುತ್ತಿದ್ದರು. ಚರ್ಮ, ಖರ್ಜೂರ, ಬಟ್ಟೆ, ಆಯುಧಗಳ ವ್ಯಾಪಾರದ ಜೊತೆಗೆ ಕವಿಗಳ ಸ್ಪರ್ಧೆ, ಬುಡಕಟ್ಟುಗಳ ನ್ಯಾಯ ತೀರ್ಮಾನ, ಸೆರೆಯಾಳುಗಳ ಬಿಡುಗಡೆಯ ಮಾತುಕತೆ ಎಲ್ಲವೂ ಅಲ್ಲಿ ನಡೆಯುತ್ತಿತ್ತು. ಅದು ವಿಗ್ರಹಾರಾಧನೆಯ ಕಾಲ. ಆದರೂ ಪ್ರವಾದಿ ಮುಹಮ್ಮದ್(ಸ)ರವರು ಮಕ್ಕಾದ ಕಷ್ಟದ ವರ್ಷಗಳಲ್ಲಿ ಈ ಜಾತ್ರೆಗಳಿಗೆ ಹೋಗಿ, ಬುಡಕಟ್ಟಿನ ಡೇರೆ ಡೇರೆಗಳನ್ನು ಹುಡುಕಿಕೊಂಡು ತಮ್ಮ ಸಂದೇಶವನ್ನು ತಿಳಿಸುತ್ತಿದ್ದರು. ಜನ ಸೇರುವ ಸ್ಥಳವನ್ನು ಅವರು ಬಿಟ್ಟುಕೊಡಲಿಲ್ಲ.

ಇಸ್ಲಾಮ್ ನೆಲೆಗೊಂಡ ನಂತರ ಸಹಾಬಿಗಳಿಗೆ ಸಂಶಯ ಬಂದಿತು. ಅಜ್ಞಾನಕಾಲದ ಆ ಜಾತ್ರೆಗಳಲ್ಲಿ, ಅದರಲ್ಲಿಯೂ ಹಜ್ಜಿನ ದಿನಗಳಲ್ಲಿ, ವ್ಯಾಪಾರ ಮಾಡುವುದು ಪಾಪವಾದೀತೇ ಎಂದು ಅವರು ಹಿಂಜರಿದರು. ಆಗ ಅಲ್ ಬಖರ ಅಧ್ಯಾಯದ 198ನೇ ಸೂಕ್ತ ಅವತೀರ್ಣವಾಗಿ ಆ ಹಿಂಜರಿಕೆಯನ್ನು ನಿವಾರಿಸಿತು ಎಂದು ಇಬ್ನು ಅಬ್ಬಾಸ್(ರ) ವಿವರಿಸಿದ್ದಾರೆ. ಇದು ಸಹೀಹ್ ಬುಖಾರಿಯಲ್ಲಿದೆ. ವ್ಯಾಪಾರದ ಮೂಲಕ ಪ್ರಭುವಿನ ಅನುಗ್ರಹವನ್ನು ಅರಸುವುದರಲ್ಲಿ ದೋಷವಿಲ್ಲ ಎಂಬುದು ಅದರ ಸಾರಾಂಶ. ಉಕಾಝ್ ಜಾತ್ರೆ ಇಸ್ಲಾಮಿನ ಕಾಲದಲ್ಲಿಯೂ 100 ವರ್ಷಗಳಿಗಿಂತ ಹೆಚ್ಚು ಕಾಲ ನಡೆಯಿತು. ಅದು ನಿಂತದ್ದು ಯಾವ ಫತ್ವಾದಿಂದಲೂ ಅಲ್ಲ. ಹಿಜರಿ 129ರಲ್ಲಿ ಖವಾರಿಜ್ ಬಂಡುಕೋರರ ಹಾವಳಿಯಲ್ಲಿ ಸರಕು ಲೂಟಿಯಾದೀತೆಂದು ಹೆದರಿ ವರ್ತಕರು ಬರುವುದನ್ನು ಬಿಟ್ಟರು. ಕ್ರಮೇಣ ಮಜನ್ನ ಮತ್ತು ಝುಲ್ ಮಜಾಝ್‌ಗಳೂ ನಿಂತುಹೋದವು.

ಉಕಾಝ್ ಅರಬರದೇ ಜಾತ್ರೆಯಲ್ಲವೇ, ಅನ್ಯಧರ್ಮೀಯರ ಹಬ್ಬದ ಜಾತ್ರೆಯ ಮಾತು ಬೇರೆಯಲ್ಲವೇ ಎಂದು ಕೇಳುವವರಿಗೆ ಇನ್ನೊಂದು ಉದಾಹರಣೆ ಕೊಡುತ್ತೇವೆ. ಶಾಮ್ ದೇಶದಲ್ಲಿ ದೈರ್ ಅಯ್ಯೂಬ್ ಎಂಬ ಕ್ರೈಸ್ತ ಮಠದ ಹಬ್ಬದ ವೇಳೆ ದೊಡ್ಡ ಸಂತೆ ಸೇರುತ್ತಿತ್ತು, ಮುಸ್ಲಿಂ ವರ್ತಕರು ಅಲ್ಲಿಗೆ ಸರಕು ಒಯ್ಯುತ್ತಿದ್ದರು. ಇದರ ಬಗ್ಗೆ ಇಮಾಮ್ ಅಹ್ಮದ್ ಬಿನ್ ಹಂಬಲ್(ರಹ್)ರವರನ್ನು ಕೇಳಲಾಯಿತು. ಅವರ ಆರಾಧನಾ ಸ್ಥಳದೊಳಗೆ ಹೋಗಿ ಆಚರಣೆಯಲ್ಲಿ ಪಾಲ್ಗೊಳ್ಳದೆ, ಕೇವಲ ಸಂತೆಗೆ ಹೋಗುವುದಾದರೆ ಅಡ್ಡಿಯಿಲ್ಲ ಎಂಬ ಅಭಿಪ್ರಾಯವನ್ನು ಅವರು ಕೊಟ್ಟರು. ಇದನ್ನು ದಾಖಲಿಸಿದವರಲ್ಲಿ ಇಬ್ನು ತೈಮಿಯ್ಯ ಕೂಡ ಒಬ್ಬರು. ಅನ್ಯರ ಹಬ್ಬಗಳ ಅನುಕರಣೆಯ ವಿಷಯದಲ್ಲಿ ಅವರಷ್ಟು ಕಟ್ಟುನಿಟ್ಟಿನ ವಿದ್ವಾಂಸರು ವಿರಳ. ಆ ವಿಷಯದ ಮೇಲೆಯೇ ಅವರು ಬರೆದ ಗ್ರಂಥದಲ್ಲಿ ಈ ಅಭಿಪ್ರಾಯ ಸ್ಥಾನ ಪಡೆದಿದೆ. ಆರಾಧನೆ ಒಂದು, ವ್ಯವಹಾರ ಇನ್ನೊಂದು ಎಂಬ ಗೆರೆಯನ್ನು ಹಿಂದಿನವರು ಎಳೆದುಕೊಟ್ಟಿದ್ದಾರೆ. ಪೂಜೆಗೆಂದೇ ಬಳಸುವ ಸಾಮಗ್ರಿಯ ಮಾರಾಟದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಮತವಿದೆ, ಅದನ್ನು ತಮ್ಮ ಊರಿನ ಉಲಮಾಗಳಲ್ಲಿ ಕೇಳಿಕೊಳ್ಳುವುದು ಮೇಲು. ಬಳೆ, ಬಲೂನು, ಕಡಲೆಪುರಿಯ ವಿಷಯದಲ್ಲಿ ಅಂತಹ ಗೊಂದಲವಿಲ್ಲ.

ಈಗ 2022ರ ಸಂಗತಿ. ಆ ವರ್ಷದ ಮಾರ್ಚ್ 15ರಂದು ಹಿಜಾಬ್ ಪ್ರಕರಣದಲ್ಲಿ ರಾಜ್ಯದ ಹೈಕೋರ್ಟಿನ ತೀರ್ಪು ಬಂದಿತು. ಅದಕ್ಕೆ ಅಸಮಾಧಾನ ಸೂಚಿಸಿ ಮಾರ್ಚ್ 17ರಂದು ಮುಸ್ಲಿಂ ವರ್ತಕರು ಅಂಗಡಿ ಮುಚ್ಚಿದರು. ಅದರ ಬೆನ್ನಿಗೆ ಕಾಪುವಿನ ಮಾರಿಗುಡಿಗಳ ಸುಗ್ಗಿ ಮಾರಿಪೂಜೆಯ ವೇಳೆ ಮುಸ್ಲಿಮರಿಗೆ ಅಂಗಡಿ ಕೊಡಬಾರದೆಂಬ ಒತ್ತಾಯ ಬಂದು, ಅವರಿಗೆ ಜಾಗ ತಪ್ಪಿತು. ಮೂಲ್ಕಿಯಲ್ಲಿ ಬಪ್ಪನಾಡು ಜಾತ್ರೆಯ ಹೊತ್ತಿಗೂ ಅದೇ ಅರ್ಥದ ಫಲಕಗಳು ಕಾಣಿಸಿಕೊಂಡವು. ನಂತರ ಇದು ರಾಜ್ಯದ ಬೇರೆ ಜಾತ್ರೆಗಳಿಗೂ ಹಬ್ಬಿತು. ಅಂಗಡಿ ಮುಚ್ಚಿ ಪ್ರತಿಭಟಿಸಿದವರು ಬಹುಪಾಲು ಪೇಟೆಯ ವರ್ತಕರು. ಜಾತ್ರೆಯಲ್ಲಿ ಜಾಗ ಕಳೆದುಕೊಂಡವರು ಗಾಡಿಯಲ್ಲಿ ಸರಕು ತಳ್ಳುವವರು. ಒಬ್ಬರ ನಿಲುವಿಗೆ ಇನ್ನೊಬ್ಬರು ಬೆಲೆ ತೆತ್ತರು ಎಂಬುದನ್ನು ನಮ್ಮ ಸಮುದಾಯದ ಮುಖಂಡರೂ ಯೋಚಿಸಬೇಕಾಗಿದೆ.

ಈ ವಿಷಯ ವಿಧಾನಸಭೆಗೂ ಬಂದಿತು. ಶಾಸಕ ಯು.ಟಿ. ಖಾದರ್ ಅದನ್ನು ಪ್ರಸ್ತಾಪಿಸಿದಾಗ ಅಂದಿನ ಕಾನೂನು ಸಚಿವ ಜೆ.ಸಿ. ಮಾಧುಸ್ವಾಮಿಯವರು 1997ರ ಹಿಂದೂ ಧಾರ್ಮಿಕ ಸಂಸ್ಥೆಗಳು ಮತ್ತು ಧರ್ಮಾದಾಯ ದತ್ತಿಗಳ ಅಧಿನಿಯಮದ ಅಡಿಯಲ್ಲಿ 2002ರಲ್ಲಿ ರೂಪಿಸಿದ ನಿಯಮಗಳನ್ನು ಮುಂದಿಟ್ಟರು. ದೇವಸ್ಥಾನದ ಸಮೀಪದ ಜಮೀನು, ಕಟ್ಟಡ, ನಿವೇಶನಗಳನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆ ಕೊಡಬಾರದು ಎಂಬುದು ಅದರ 31(12)ನೇ ನಿಯಮ. ನಿಯಮವು ಮಾತನಾಡುವುದು ಸ್ಥಿರಾಸ್ತಿಯ ಗುತ್ತಿಗೆಯ ಬಗ್ಗೆ. ನಾಲ್ಕು ದಿನದ ಜಾತ್ರೆಗೆ ರಸ್ತೆಬದಿಯಲ್ಲಿ ಚಾಪೆ ಹಾಸಿ ಬಳೆ ಮಾರುವವನನ್ನು ಅದರೊಳಗೆ ಎಳೆದು ತರುವುದು ಓದುಗಬ್ಬದ ಜಾಣ್ಮೆಯೇ ಹೊರತು ನ್ಯಾಯವಲ್ಲ. ದೇವಸ್ಥಾನದ ಆವರಣದ ಹೊರಗೆ ಇಂತಹ ತಡೆ ಒಡ್ಡಿದ್ದರೆ ಸರಿಪಡಿಸುವುದಾಗಿ ಸಚಿವರೂ ಹೇಳಿದರು. ಆಡಳಿತ ಪಕ್ಷದವರೇ ಆದ ವಿಧಾನ ಪರಿಷತ್ ಸದಸ್ಯ ಎಚ್. ವಿಶ್ವನಾಥ್ ಈ ನಿಷೇಧವನ್ನು ಬಹಿರಂಗವಾಗಿ ವಿರೋಧಿಸಿದರು. ಇದನ್ನು ನಾವು ಮರೆಯಬಾರದು. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಅಭ್ಯಾಸ ನಮ್ಮ ಬರಹಗಳಲ್ಲಿಯೂ ಇದೆ.

ಅದೇ ಏಪ್ರಿಲ್ ತಿಂಗಳಲ್ಲಿ ಬೇಲೂರಿನ ಚೆನ್ನಕೇಶವ ರಥೋತ್ಸವದಲ್ಲಿ ಬೇರೊಂದು ತೀರ್ಮಾನವಾಯಿತು. ಅಲ್ಲಿಯೂ ಒತ್ತಡವಿತ್ತು. ಆದರೆ ಮುಜರಾಯಿ ಇಲಾಖೆಯು ಮುಸ್ಲಿಂ ವರ್ತಕರ ಅಂಗಡಿಗಳಿಗೆ ಅವಕಾಶ ಕೊಟ್ಟಿತು, ರಥದ ಮುಂದೆ ಕುರ್‌ಆನ್ ಪಠಿಸುವ ಹಳೆಯ ವಾಡಿಕೆಯೂ ನಡೆಯಿತು. ಆ ಪಠಣದ ಬಗ್ಗೆ ಉಲಮಾಗಳಲ್ಲಿ ಆಕ್ಷೇಪವುಳ್ಳವರಿದ್ದಾರೆ, ನಮಗೂ ಅದು ಪೂರ್ಣವಾಗಿ ಒಪ್ಪುವ ಮಾತಲ್ಲ. ಅಂಗಡಿಗಳ ವಿಷಯದಲ್ಲಿ ಮಾತ್ರ ಆ ತೀರ್ಮಾನವು ಹಳೆಯ ನಡವಳಿಕೆಯನ್ನು ಉಳಿಸಿತು. ಒಂದೇ ರಾಜ್ಯ, ಒಂದೇ ನಿಯಮ, ಒಂದೇ ತಿಂಗಳ ಅಂತರ. ವ್ಯತ್ಯಾಸವಾದದ್ದು ಅಧಿಕಾರದಲ್ಲಿ ಕುಳಿತವರು ನಿಯಮವನ್ನು ಓದಿದ ರೀತಿಯಲ್ಲಿ.

ನಮ್ಮ ಜಿಲ್ಲೆಯವರಿಗೆ ಇದನ್ನು ತಿಳಿಯಲು ಸಮುದ್ರದವರೆಗೆ ಹೋಗಬೇಕಾಗಿಲ್ಲ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಬೆಳಿಗ್ಗೆ ಹೋಗಿ ನೋಡಿದರೆ ಸಾಕು. ಗೂಡು ತಂದು ಜಾಲರಿಯಲ್ಲಿ ಸುರಿಯುವ ರೈತರು ಬಹುತೇಕ ಹಿಂದೂಗಳು, ಹರಾಜಿನಲ್ಲಿ ಕೂಗಿ ಕೊಂಡು ನೂಲು ಬಿಚ್ಚುವ ರೀಲರ್‌ಗಳಲ್ಲಿ ಮುಸ್ಲಿಮರು ಹೆಚ್ಚು. ಹುಳು ಸಾಕುವ ಮನೆಯಲ್ಲಿ ರೋಗ ಬಂದರೆ ಬಿಚ್ಚಾಣಿಕೆಯ ಮನೆಯಲ್ಲಿ ಒಲೆ ಆರುತ್ತದೆ, ನೂಲಿನ ಬೆಲೆ ಬಿದ್ದರೆ ಹಿಪ್ಪುನೇರಳೆ ತೋಟ ಒಣಗುತ್ತದೆ. ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದಲ್ಲಿ ಅಮ್ಮಾಜಾನ್–ಬಾವಾಜಾನ್ ದರ್ಗಾದ ಉರೂಸಿಗೆ ಆಂಧ್ರದ ಕಡೆಯಿಂದಲೂ ಹಿಂದೂ ಜನ ಬರುತ್ತಾರೆ. ದರ್ಗಾಗಳಲ್ಲಿ ನಡೆಯುವ ಕೆಲವು ಆಚರಣೆಗಳ ಬಗ್ಗೆ ನಮ್ಮ ಅಭಿಪ್ರಾಯ ಓದುಗರಿಗೆ ಗೊತ್ತೇ ಇದೆ, ಅದನ್ನು ಇಲ್ಲಿ ಪುನಃ ಹೇಳುವುದಿಲ್ಲ. ಉರೂಸಿನ ಬೀದಿಯಲ್ಲಿ ಹೂವು, ಹಣ್ಣು, ಬೊಂಡ ಮಾರುವವರ ಹೆಸರು ಕೇಳಿ ಎಬ್ಬಿಸಬೇಕೆಂದು ನಮ್ಮವರು ಯಾರಾದರೂ ಹೊರಟರೆ ಅದೂ ಅಷ್ಟೇ ಅನ್ಯಾಯ.

ಆದುದರಿಂದ ಜಾತ್ರೆಗೆ ಸರಕು ಒಯ್ಯಬಹುದೇ ಎಂದು ಕೇಳುವ ನಮ್ಮ ವರ್ತಕ ಸಹೋದರರಿಗೆ ನಾವು ಕೊಡುವ ಉತ್ತರ, ಒಯ್ಯಬಹುದು ಎಂಬುದೇ. ಹೋಗುವ ಮುಂಚೆ ತಿಳಿದುಕೊಳ್ಳಬೇಕಾದ ಒಂದೆರಡು ವ್ಯಾವಹಾರಿಕ ವಿಷಯಗಳಿವೆ. ಅಂಗಡಿ ಹಾಕುವ ಜಾಗ ದೇವಸ್ಥಾನದ್ದೋ, ಪಂಚಾಯಿತಿ ಅಥವಾ ಪುರಸಭೆಯದ್ದೋ, ಖಾಸಗಿ ಜಮೀನೋ ಎಂಬುದನ್ನು ಮೊದಲು ವಿಚಾರಿಸಬೇಕು. ಮೂರಕ್ಕೂ ಕಾನೂನು ಬೇರೆ ಬೇರೆ. ಪುರಸಭೆ, ನಗರಸಭೆಯ ವ್ಯಾಪ್ತಿಯಲ್ಲಿ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಅನ್ವಯವಾಗುತ್ತದೆ. ಅದರಂತೆ ಪಟ್ಟಣ ವ್ಯಾಪಾರ ಸಮಿತಿಯ ಪ್ರಮಾಣಪತ್ರ ಮಾಡಿಸಿಕೊಳ್ಳಬಹುದು. ಬಹುಕಾಲದಿಂದ ಕೊಳ್ಳುವವರೂ ಮಾರುವವರೂ ಸೇರುತ್ತ ಬಂದ ಸ್ಥಳಕ್ಕೆ ಆ ಕಾಯ್ದೆ ಸಹಜ ಮಾರುಕಟ್ಟೆಯೆಂಬ ಮಾನ್ಯತೆ ಕೊಟ್ಟಿದೆ. ಸುಂಕ ಕಟ್ಟಿದ ಪ್ರತಿ ಬಾರಿ ದಿನಾಂಕವಿರುವ ರಸೀದಿಯನ್ನು ಕೇಳಿ ಪಡೆದು ಜೋಪಾನವಾಗಿಡಿ. ತಂದೆಯ ಕಾಲದ ರಸೀದಿಗಳು ಮನೆಯಲ್ಲಿದ್ದರೆ ಅವನ್ನೂ ಹುಡುಕಿ ತೆಗೆದಿಟ್ಟುಕೊಳ್ಳಿ.